ಹೊಗೆ ಬರುವವರೆಗೂ ಬಿಚ್ಚದ ಬುತ್ತಿ

ಗೂಟಕ್ಕೆ ನೇತುಹಾಕಿದ ಬಿಳಿ ಅಂಗಿಯೊಂದನ್ನು ಒಗೆಯಲು ಹಾಕದೆ ಹಾಗೇ ಬಿಟ್ಟಿದ್ದೇನೆ. ಸಂಜೆ ಅಂಗಡಿಯಿಂದ ಬಂದು ಖೋಲಿಯ ಬಾಗಿಲು ತೆಗೆದರೆ ಸಾಕು, ಮೊದಲು ಅದರ ವಾಸನೆಯೇ ಎದುರಿಗೆ ಬರುತ್ತದೆ. ತೊಗರಿ ಕಟ್ಟಿಗೆಯ ಹೊಗೆ, ಅದರೊಳಗೆ ಹಸಿ ಬೇವಿನ ಸೊಪ್ಪಿನ ಕಹಿ. ನಾನು ಶಹಾಪುರದ ಹತ್ತಿ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತ. ಹೆಂಡತಿ ಮಕ್ಕಳು ಓದಿನ ನೆಪದಲ್ಲಿ ಕಲಬುರಗಿಗೆ ಹೋದವರು ಓದು ಮುಗಿದ ಮೇಲೂ ಅಲ್ಲೇ ಉಳಿದಿದ್ದಾರೆ. ಹೀಗಾಗಿ ಈ ಹೊಲಸು ಅಂಗಿಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಬೈಯುವವರೂ ಇಲ್ಲ. ಆ ಹೊಗೆ ಅಂಗಿಗೆ ಹೇಗೆ ಹತ್ತಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಕಾಕಾನ ಬಗ್ಗೆ ಹೇಳಬೇಕು...

ಆಗ ನನಗೆ ಮೂವತ್ತು ದಾಟಿತ್ತು. ಊರ ಹೊರಗಿನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ತೂಗುವ ಕೆಲಸ. ಸುಗ್ಗಿ ಮುಗಿದು ಹತ್ತಿ ಬರುವುದು ನಿಂತಿತೆಂದರೆ ಮಿಲ್ಲಿಗೆ ಬೀಗ ಬೀಳುತ್ತಿತ್ತು. ಮುಂದೆ ದೀಪಾವಳಿ ಹತ್ತಿರ ಬರುವ ತನಕ ನಮ್ಮನ್ನು ಕೇಳುವವರಿರಲಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ನನ್ನ ಬಳಿ ಕುಡಿಕೆಯೇ ಇರಲಿಲ್ಲ. ಬೇಸಿಗೆಯಲ್ಲಿ ಗುಡ್ಡಗಳಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಲು ಅರಣ್ಯ ಇಲಾಖೆಯವರು ಮಳೆ ಬೀಳುವವರೆಗೆ ವಾಚರ್ ಎಂದು ಮಂದಿಯನ್ನು ಇಟ್ಟುಕೊಳ್ಳುತ್ತಿದ್ದರು. ಪರಿಚಯದವರೊಬ್ಬರು ನನ್ನ ಹೆಸರು ಹೇಳಿದರು. ನಾನು ಖುಷಿಯಿಂದಲೇ ಒಪ್ಪಿಕೊಂಡೆ. ಗುಡ್ಡದ ಮೇಲೆ ತಂಪು ಗಾಳಿಯಲ್ಲಿ ಬಿದ್ದುಕೊಂಡಿರುವುದು, ಹೊಗೆ ಕಂಡರೆ ಒಂದು ಕೂಗು ಹಾಕುವುದು, ಇದಕ್ಕಿಂತ ಸುಖದ ನೌಕರಿ ಇನ್ನೇನಿದೆ ಎಂದುಕೊಂಡಿದ್ದೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆನಾದರೂ ಅದರ ಮೇಲೆ ಹೋಗಿ ಮಲಗಿದ ಮೇಲೆಯೇ ಅದು ನನಗೆ ಅರ್ಥವಾದದ್ದು.

ಸುರಪುರದ ಆಚೆ, ದೇವಾಪುರದ ಕಡೆಯ ಗುಡ್ಡ ಅದು. ಕಾಡು ಅಂದರೆ ಎತ್ತರದ ಮರಗಳನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ನಮ್ಮ ಕಡೆ ಕಾಡು ಅಂದರೆ ಆನೆಗಾತ್ರದ ಬಂಡೆಗಳು, ಅವುಗಳ ಸಂದಿನಲ್ಲಿ ಸೀತಾಫಲ, ಜಾಲಿ, ಲಕ್ಕಿ, ಅಲ್ಲೊಂದು ಇಲ್ಲೊಂದು ಬೇವು, ಉಳಿದಲ್ಲೆಲ್ಲ ಮೊಣಕಾಲೆತ್ತರದ ಹುಲ್ಲು. ಬೇಸಿಗೆಗೆ ಆ ಹುಲ್ಲು ಒಣಗಿ ಕರಡವಾಗುತ್ತದೆ. ಒಂದು ಬೀಡಿ ಕಿಡಿ ಬಿದ್ದರೆ ಸಾಕು, ಗಾಳಿ ಬೀಸಿದತ್ತ ಗುಡ್ಡವೇ ಹೊತ್ತಿಕೊಂಡು ಹೋಗುತ್ತದೆ. ನವಿಲ ಮೊಟ್ಟೆ, ಮೊಲದ ಮರಿ, ಹಾವು, ಯಾವುದೂ ಉಳಿಯುವುದಿಲ್ಲ. ಗುಡ್ಡದ ನೆತ್ತಿಯ ಹಾಸುಗಲ್ಲಿನ ಮೇಲೆ ಎರಡು ಬಂಡೆಗಳ ನಡುವೆ ಒಂದು ತಾಡಪತ್ರಿ ಕಟ್ಟಿ, ಅದರ ಕೆಳಗೆ ಎರಡು ಕಂಬಳಿ, ಒಂದು ನೀರಿನ ಗಡಿಗೆ ಇಟ್ಟುಕೊಂಡು ಕಾಕಾ ಮೊದಲೇ ಬಂದು ಕೂತಿದ್ದರು.

ಹೆಸರು ಹಿಡಿದು ಅವರನ್ನು ಕರೆದ ನೆನಪೇ ನನಗಿಲ್ಲ. ಮೊದಲ ದಿನವೇ ಕಾಕಾ ಎಂದೆ, ಕೊನೆಯವರೆಗೂ ಅದೇ ಆಯಿತು. ಐವತ್ತು ದಾಟಿದ ವಯಸ್ಸು, ಉದ್ದ ಆಳು, ತಲೆಗೆ ಬಿಳಿ ಪಟಗಾ, ಮೈಮೇಲೆ ಇಲಾಖೆಯವರು ಯಾವಾಗಲೋ ಕೊಟ್ಟ ಗುಂಡಿಯಿಲ್ಲದ ಖಾಕಿ ಅಂಗಿ. ಅವರದೊಂದು ಚಾಳಿ ಇತ್ತು. ಮಾತಾಡುತ್ತಾ ಮಾತಾಡುತ್ತಾ ಇದ್ದಕ್ಕಿದ್ದ ಹಾಗೆ ಗದ್ದ ಎತ್ತಿ, ಕಣ್ಣು ಅರೆ ಮುಚ್ಚಿ, ಮೂಗಿನ ಹೊಳ್ಳೆ ಅರಳಿಸಿ ಗಾಳಿಯನ್ನು ಮೂಸುತ್ತಿದ್ದರು. ದೇವರು ಮೈಮೇಲೆ ಬರುತ್ತದೇನೋ ಎಂದು ಮೊದಮೊದಲು ನಾನು ಹೆದರಿದ್ದೆ.

"ಬೆಂಕಿ ಮದ್ಲ ಮೂಗಿಗಿ ಬರ್ತದ ತಮ್ಮಾ, ಆಮ್ಯಾಲ ಕಣ್ಣಿಗಿ," ಎಂದು ಹೇಳಿ ಮತ್ತೆ ಬಿಟ್ಟ ಮಾತನ್ನು ಹಿಡಿಯುತ್ತಿದ್ದರು.

ಗುಡ್ಡದ ಮೇಲೆ ಅವರದೇ ಕಾನೂನು. ಕಡ್ಡಿಪೆಟ್ಟಿಗೆ ಮೇಲೆ ಬರಕೂಡದು. ಒಲೆ ಇಲ್ಲ, ಬೀಡಿ ಇಲ್ಲ, ಲಾಟೀನೂ ಇಲ್ಲ. ಬೆಂಕಿ ಕಾಯುವವರ ಬಳಿ ಬೆಂಕಿ ಇರಬಾರದು ಎಂಬುದು ಅವರ ನೇಮ. ಹಾಗೆ ಬದುಕಲು ನಮ್ಮ ಸೀಮೆಯಲ್ಲಿ ಮಾತ್ರ ಸಾಧ್ಯವೇನೋ, ಯಾಕೆಂದರೆ ನಮಗೆ ಖಡಕ್ ರೊಟ್ಟಿ ಇದೆ. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಗರಿಗರಿಯಾಗಿ ಒಣಗಿಸಿ ಅರಿವೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಸರದಿಯ ಮೇಲೆ ಒಬ್ಬರು ಇಳಿದು ಹೋಗಿ ಕಾಕಾನ ಮನೆಯಿಂದ ರೊಟ್ಟಿ ಗಂಟು, ಶೇಂಗಾ ಹಿಂಡಿ, ಉಳ್ಳಾಗಡ್ಡಿ ತರುತ್ತಿದ್ದೆವು. ನೀರು ಚಿಮುಕಿಸಿದರೆ ಮೆತ್ತಗೆ, ಚಿಮುಕಿಸದಿದ್ದರೆ ಹಪ್ಪಳದ ಹಾಗೆ ಕುರುಕುರು. ಊಟಕ್ಕೇನೂ ತೊಂದರೆ ಇರಲಿಲ್ಲ. ನಾನು ಸತ್ತುಹೋಗುತ್ತಿದ್ದದ್ದು ಚಹಾ ಇಲ್ಲದೆ.

"ಕಾಕಾ, ಒಂದ ಕಪ್ ಚಾ ಮಾಡಿದ್ರ ಗುಡ್ಡ ಸುಟ್ಟು ಬೂದಿ ಆಗ್ತದೇನ್ರಿ?" ಎಂದು ಒಂದು ಮುಂಜಾನೆ ತಲೆನೋವಿನಲ್ಲಿ ಕೇಳಿದೆ.

"ಆಗ್ತದ," ಅಂದರು. ಅಷ್ಟೇ. 

ಹಗಲು ಹೇಗೋ ಹೋಗುತ್ತಿತ್ತು. ಗುಡ್ಡದ ಸುತ್ತ ಕರಡ ಕಿತ್ತು, ಕಸ ಗುಡಿಸಿ, ಬೆಂಕಿ ದಾಟದಂತೆ ಬೋಳು ದಾರಿ ಮಾಡುವ ಕೆಲಸ ಇರುತ್ತಿತ್ತು. ಕಷ್ಟವೆಲ್ಲ ಸಂಜೆಯದು. ಹೊತ್ತು ಬಂಡೆಗಳ ಹಿಂದೆ ಇಳಿದು, ಬಿಸಿಗಾಳಿ ನಿಂತು, ನವಿಲುಗಳು ಕೂಗಿ ಸುಮ್ಮನಾದ ಮೇಲೆ ಗುಡ್ಡದ ಮೇಲೆ ಒಂದು ಥರದ ನಿಶ್ಶಬ್ದ ಬರುತ್ತಿತ್ತು. ಕೆಳಗೆ ಸುತ್ತಲೂ ಹಳ್ಳಿಗಳಿದ್ದವು. ನಾಯಿ ಬೊಗಳುವುದು, ಯಾರೋ ಎಮ್ಮೆ ಹೊಡೆದುಕೊಂಡು ಹೋಗುವುದು, ಎಲ್ಲ ಕೇಳುತ್ತಿತ್ತು. ಆದರೆ ಅವುಗಳಲ್ಲಿ ಯಾವುದೂ ನಮ್ಮದಲ್ಲ. ಮದುವೆಯಾಗಿ ಇನ್ನೂ ಹೊಸದು ನನಗೆ. ಆ ಹೊತ್ತಿನಲ್ಲಿ ಮನೆ ನೆನಪಾಗುತ್ತಿತ್ತು. ಒಂಟಿತನ ಅಂದರೇನು ಎಂದು ನನಗೆ ಕಲಿಸಿದ್ದು ಆ ಹಾಸುಗಲ್ಲು. ಈಗ ಖೋಲಿಯಲ್ಲಿ ಕೂತಾಗ ಅನ್ನಿಸುತ್ತದೆ, ಅಲ್ಲಿ ಕಲಿತದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಅಂಥ ಒಂದು ಸಂಜೆ, ನಾನು ಬಂದ ಹೊಸತರಲ್ಲೇ, ಗುಡ್ಡದ ಪಡುವಣ ಬುಡದಲ್ಲಿ ಹಳ್ಳದ ಬದಿಗೆ ತೆಳ್ಳನೆಯ ಹೊಗೆಯೊಂದು ಎದ್ದದ್ದು ಕಂಡಿತು. ಎದ್ದು ನಿಂತು, "ಕಾಕಾ, ಹೊಗಿ! ಅಲ್ಲಿ ನೋಡ್ರಿ, ಬೆಂಕಿ ಬಿದ್ದದ!" ಎಂದು ಚೀರಿದೆ.

ಕಾಕಾ ಕೂತಲ್ಲಿಂದ ಏಳಲಿಲ್ಲ. ಅವರ ಕಣ್ಣು ನನಗಿಂತ ಮೊದಲೇ ಅಲ್ಲಿತ್ತು.

"ಅದು ಬೆಂಕಿ ಅಲ್ಲ ತಮ್ಮಾ," ಅಂದರು, "ಅಡಗಿ."

ಹಾಗೆಂದು ಪಕ್ಕದಲ್ಲಿದ್ದ ಬುತ್ತಿಗಂಟು ಬಿಚ್ಚಿ, ಒಂದು ರೊಟ್ಟಿ ತೆಗೆದು ನನ್ನ ಕೈಗೆ ಕೊಟ್ಟು, ತಾವೊಂದು ತೆಗೆದುಕೊಂಡರು. ಆಗ ನನಗೆ ಏನೂ ಹೊಳೆಯಲಿಲ್ಲ. ಕೆಲವು ದಿನ ಕಳೆದ ಮೇಲೆ ಗಮನಿಸಿದೆ. ಆ ಹೊಗೆ ಏಳುವವರೆಗೆ ಕಾಕಾ ಬುತ್ತಿಗೆ ಕೈ ಹಚ್ಚುತ್ತಿರಲಿಲ್ಲ. ಒಂದು ದಿನ ಹೊಗೆ ತಡವಾಯಿತು, ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಗಂಟಿಗೆ ಕೈ ಹಾಕಿದೆ. "ತಡಿ," ಅಂದರು. ಕೊನೆಗೆ ಕತ್ತಲಾಗುವ ಮುಂಚೆ ಕೆಳಗೆ ಹೊಗೆ ಎದ್ದಾಗ ಒಂದು ಉಸಿರು ಬಿಟ್ಟು, "ಹ್ಞಾಂ, ಈಗ ಉಣ್ಣು," ಅಂದರು.

ಅಲ್ಲಿದ್ದದ್ದು ಒಂದು ಕುರಿ ಹಟ್ಟಿ. ಹಳ್ಳದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ವರತಿ ಇತ್ತು, ಅದರ ಆಸೆಗೆ ಪ್ರತಿ ವರ್ಷ ಅದೇ ಕುರಿಗಾರ ಅಲ್ಲಿ ಬಂದು ಹಟ್ಟಿ ಹಾಕುತ್ತಿದ್ದ. ಆ ಕುರಿಗಾರ ಕಾಕಾನ ಒಡಹುಟ್ಟಿದ ತಮ್ಮ. ಇದು ಕಾಕಾ ಒಂದೇ ಸಲಕ್ಕೆ ಹೇಳಿದ್ದಲ್ಲ. ಕರಡ ಕೀಳುವಾಗ ಒಂದು ತುಂಡು, ನೀರು ಹೊತ್ತು ತರುವಾಗ ಇನ್ನೊಂದು ತುಂಡು, ಹೀಗೆ ಸಿಕ್ಕದ್ದನ್ನು ನಾನು ಜೋಡಿಸಿಕೊಂಡೆ.

ನಮ್ಮ ಕಡೆಯ ಕುರಿಗಾರರಲ್ಲಿ ಮಳೆಗಾಲಕ್ಕೆ ಮುಂಚೆ ಒಣ ಕರಡಕ್ಕೆ ಬೆಂಕಿ ಇಡುವ ರೂಢಿ ಹಿಂದಿನಿಂದ ಬಂದದ್ದು. ಸುಟ್ಟ ನೆಲದ ಮೇಲೆ ಮೊದಲ ಮಳೆ ಬಿದ್ದರೆ ಎಳೆ ಹುಲ್ಲು ಚಿಗುರುತ್ತದೆ, ಕುರಿಗಳಿಗೆ ಅದು ಹಬ್ಬ. ಕಾಕಾ ಮತ್ತು ಅವರ ತಮ್ಮ ಚಿಕ್ಕವರಿದ್ದಾಗ ಅಪ್ಪನ ಹಿಂದೆ ಉರಿಯುವ ಕೊಳ್ಳಿ ಹಿಡಿದು ಗುಡ್ಡದ ತುಂಬ ಓಡಾಡಿದವರೇ. ಮುಂದೆ ಕಾಕಾ ಕುರಿ ಬಿಟ್ಟು ಇಲಾಖೆಯ ಕೆಲಸಕ್ಕೆ ಸೇರಿದರು, ತಮ್ಮ ಕುರಿಯಲ್ಲೇ ಉಳಿದ. ಒಂದು ಬೇಸಿಗೆ ತಮ್ಮ ಇಟ್ಟ ಬೆಂಕಿ ಕೈಮೀರಿತು. ಹಳ್ಳದ ಬದಿಯಿಂದ ಎದ್ದದ್ದು ನೆತ್ತಿಯವರೆಗೆ ಹೋಗಿ ಆಚೆ ಬದಿಗೂ ಇಳಿಯಿತು. ಯಾರು ಹಚ್ಚಿದರು ಎಂದು ಸಾಹೇಬರು ಕೇಳಿದಾಗ ಕಾಕಾ ತಮ್ಮನ ಹೆಸರು ಹೇಳಿದರು. ತಮ್ಮ ಲಾಕಪ್ಪಿನಲ್ಲಿ ಕೂತು ಬಂದ. ಬಂದ ಮೇಲೆ ಅಣ್ಣನ ಕೂಡ ಮಾತು ಬಿಟ್ಟ.

"ಹೆಸರ ಹೇಳದಿದ್ರ ಕೆಲಸ ಹೋಗ್ತಿತ್ತು. ಹೇಳಿದ್ದಕ್ಕ ತಮ್ಮ ಹ್ವಾದ," ಅಂದಿದ್ದರು ಕಾಕಾ ಒಮ್ಮೆ, ಕಿತ್ತ ಕರಡದ ಸಿವುಡು ಕಟ್ಟುತ್ತಾ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ನಾನು ಬುದ್ಧಿವಂತನ ಹಾಗೆ ಹೇಳಹೋದೆ. ಕಾಕಾ ನನ್ನನ್ನು ಹೇಗೆ ನೋಡಿದರೆಂದರೆ ಅರ್ಧಕ್ಕೇ ಬಾಯಿ ಮುಚ್ಚಿಕೊಂಡೆ. ಆಸ್ತಿಗಾಗಿ ಜಗಳ ಆಡಿದವರ ಗಾದೆ ಅದು. ಇವರಿಬ್ಬರ ನಡುವೆ ಒಂದು ಗೇಣು ಹೊಲದ ಜಗಳವೂ ಇರಲಿಲ್ಲ. ಮಾತು ಬಿಟ್ಟ ತಮ್ಮ ಬೇಸಿಗೆ ಬಂದರೆ ತಪ್ಪದೆ ಅಣ್ಣ ಕಾಯುವ ಗುಡ್ಡದ ಬುಡಕ್ಕೇ ಬಂದು ಹಟ್ಟಿ ಹಾಕುತ್ತಿದ್ದ. ಅಣ್ಣ ಮೇಲೆ ಕೂತು ತಮ್ಮನ ಒಲೆ ಹೊಗೆಯನ್ನು ನೋಡಿ, ಅವನು ಉಂಡ ಎಂದುಕೊಂಡು ತಾನು ಉಣ್ಣುತ್ತಿದ್ದ. ಗುಡ್ಡದ ಮೇಲೆ ಹೊಗೆ ಕಂಡರೆ ಓಡಿಹೋಗಿ ಆರಿಸುವುದು ಅವರ ಕೆಲಸ. ಅದೊಂದು ಹೊಗೆ ಏಳದಿದ್ದರೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ.

ಆ ವರ್ಷ ಬಿಸಿಲು ಜಾಸ್ತಿ. ಗಾಳಿಯೂ ಹುಚ್ಚು ಗಾಳಿ. ಒಂದು ಮಧ್ಯಾಹ್ನ ಗುಡ್ಡದ ಮೂಡಣ ಬದಿಗೆ, ಹಟ್ಟಿಗೆ ಸಂಬಂಧವೇ ಇಲ್ಲದ ಕಡೆ, ಬೆಂಕಿ ಬಿತ್ತು. ಯಾರೋ ದಾರಿಹೋಕರ ಬೀಡಿ ಇರಬೇಕು. ಕಾಕಾ ಮೂಗಿನಿಂದ ಹಿಡಿದರು, ಇಬ್ಬರೂ ಓಡಿದೆವು. ಲಕ್ಕಿಯ ಹಸಿ ಟೊಂಗೆ ಮುರಿದುಕೊಂಡು ಬಡಿದೆವು, ಬಡಿದೆವು... ಹೊಗೆಯಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ, ಕೈಯ ಕೂದಲು ಸುಟ್ಟ ವಾಸನೆ. ಕೆಳಗಿನ ಹಳ್ಳಿಯವರೂ ಬಂದು ಕೂಡಿದರು. ಆರುವಷ್ಟರಲ್ಲಿ ಒಂದು ಇಳಿಜಾರು ಪೂರ್ತಿ ಕರ್ರಗಾಗಿತ್ತು. ಮರುದಿನ ಮುಂಜಾನೆ ಸಾಹೇಬರು ಜೀಪಿನಲ್ಲಿ ಬಂದರು. ಹೊಸಬರು, ಮೇಲಿನಿಂದ ಅವರಿಗೂ ಬೈಗುಳ ಬಿದ್ದಿರಬೇಕು. ನೆರೆದ ಮಂದಿಯ ಎದುರಿಗೇ ಕಾಕಾನನ್ನು ನಿಲ್ಲಿಸಿ, ಇನ್ನೊಂದು ಕಿಡಿ ಬಿದ್ದರೆ ನೀನು ಮನೆಗೆ ಹೋಗುವುದೇ ಎಂದರು. ಕಾಕಾ ಹೌದ್ರಿ ಎಂದರು. ಆ ಮಾತು ಮಧ್ಯಾಹ್ನದೊಳಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಮುಟ್ಟಿತು.

ಅಂದು ಸಂಜೆ ಹಟ್ಟಿಯಿಂದ ಹೊಗೆ ಏಳಲಿಲ್ಲ.

ಕಾಕಾ ಕತ್ತಲಾಗುವವರೆಗೂ ಕಾದರು. ತಡವಾಗಿರಬೇಕು ಎಂದೆ. ಅವರು ಬುತ್ತಿಗಂಟನ್ನು ನನ್ನ ಕಡೆ ಸರಿಸಿ ಕಂಬಳಿ ಹೊದ್ದು ಮಲಗಿದರು. ಮರುದಿನವೆಲ್ಲ ಅವರ ಕಣ್ಣು ಕೆಳಗೇ ಇತ್ತು. ಕುರಿಗಳನ್ನು ಯಾರೋ ಮೇಯಲು ಬಿಟ್ಟದ್ದು ಕಾಣುತ್ತಿತ್ತು, ಆದರೆ ಅಷ್ಟು ಮೇಲಿನಿಂದ ಅದು ಯಾರು ಎಂದು ಹೇಗೆ ಹೇಳುವುದು? ತಮ್ಮನ ಹೆಂಡತಿಯಿರಬಹುದು, ಆಳಿರಬಹುದು. ಸಂಜೆಯಾಯಿತು. ಮತ್ತೆ ಹೊಗೆ ಇಲ್ಲ. ಕಾಕಾ ಎದ್ದು ಪಟಗಾ ಸರಿಮಾಡಿಕೊಂಡರು.

"ಕಾಕಾ, ಎಲ್ಲಿಗ್ರಿ?"

"ಕೆಳಗ. ನೀ ಇಲ್ಲೇ ಕೂಡು. ಇಬ್ರೂ ಗುಡ್ಡ ಬಿಟ್ಟ ಹೋಗಬಾರ್ದು."

ಇಷ್ಟು ವರ್ಷ ಮಾತು ಬಿಟ್ಟ ತಮ್ಮನ ಹಟ್ಟಿಗೆ ಅಣ್ಣ ಇಳಿದು ಹೋಗುತ್ತಿದ್ದಾನೆ! ನನಗೆ ಒಳಗೊಳಗೇ ಖುಷಿ. ಹಾಸುಗಲ್ಲಿನ ಅಂಚಿಗೆ ಕೂತು ನೋಡುತ್ತಿದ್ದೆ. ಬಂಡೆಗಳ ನಡುವೆ ಅವರ ಬಿಳಿ ಪಟಗಾ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಹಟ್ಟಿ ಮುಟ್ಟಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಅಲ್ಲಿ ಇನ್ನೊಂದು ಪಟಗಾ ಕೂತಿತ್ತು. ನಿಂತ ಪಟಗಾ ಬಗ್ಗಿತು. ಕೂತದ್ದು ಎದ್ದು ನಿಂತಿತು. ಅಣ್ಣ ತಮ್ಮನ ಮೈದಡವಿದ ಎಂದೇ ತಿಳಿದೆ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಕಾಕಾ ಬೇಗ ಬಂದುಬಿಟ್ಟರು. ನಾನು ಎದ್ದು ನಿಂತು, "ಏನಾತ್ರಿ? ಆರಾಮ ಅದಾರ?" ಎಂದೆ.

"ಅದಾನ. ಛಲೋ ಅದಾನ."

"ಮಾತಾಡಿದ್ರಿ?"

"ಇಲ್ಲ." ಕಂಬಳಿ ಮೇಲೆ ಕೂತು ಬಹಳ ಹೊತ್ತು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. "ಒಲಿ ಬೂದಿ ಮುಟ್ಟಿ ನೋಡ್ದೆ ತಮ್ಮಾ. ತಣ್ಣಗಿತ್ತು. ಜ್ವರ ಬಂದು ಉಪಾಸ ಬಿದ್ದಾನೇನೋ ಅಂತ... ಮಾರಿ ನೋಡಿ ಕೇಳಬೇಕಂದ್ರ ಬಾಯಿ ಬರ್ಲಿಲ್ಲ."

ಮರುದಿನ ಬೆಳಕು ಹರಿಯುವಾಗ ಕೆಳಗೆ ಹಟ್ಟಿ ಕೀಳುತ್ತಿದ್ದರು. ಕತ್ತೆಯ ಮೇಲೆ ಗಂಟುಮೂಟೆ ಹೇರಿ, ಕುರಿಗಳನ್ನು ಎಬ್ಬಿಸಿ, ಬೋನಾಳ ಕೆರೆಯ ದಿಕ್ಕಿಗೆ ಹೊರಟರು. ಧೂಳೆದ್ದು, ಧೂಳು ಕರಗಿ, ಕೊನೆಗೆ ಹಳ್ಳದ ಬದಿಯಲ್ಲಿ ಮೂರು ಒಲೆಗಲ್ಲು ಮಾತ್ರ ಉಳಿದವು. ಕಾಕಾ ಗದ್ದ ಎತ್ತಿ ನೋಡುತ್ತಲೇ ಇದ್ದರು.

"ನಾ ಹೋಗಬಾರ್ದಿತ್ತು," ಅಂದರು.

ತಮ್ಮ ಯಾಕೆ ಹಟ್ಟಿ ಕಿತ್ತು ಹೋದ ಎಂಬುದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮುಂದೆ ಮಳೆ ಬರುವವರೆಗೆ ಪ್ರತಿ ಸಂಜೆ ಕಾಕಾ ಅದೇ ಜಾಗದಲ್ಲಿ ಕೂತು ಅದೇ ಹಳ್ಳದ ಬದಿಯನ್ನು ನೋಡುತ್ತಿದ್ದರು. ಕತ್ತಲಾಗಿ ಏನೂ ಕಾಣದಂತಾದ ಮೇಲೆ, "ಉಣ್ಣು ತಮ್ಮಾ," ಎಂದು ಗಂಟು ಬಿಚ್ಚುತ್ತಿದ್ದರು. ನಾನು ಏನೇನೋ ಮಾತು ತೆಗೆಯುತ್ತಿದ್ದೆ, ಮಿಲ್ಲಿನ ತಮಾಷೆ, ನನ್ನ ಮಾವನ ಜಿಪುಣತನ. ಅವರು ನಗಬೇಕಾದಲ್ಲಿ ನಗುತ್ತಿದ್ದರು, ರೊಟ್ಟಿ ಮಾತ್ರ ಅರ್ಧಕ್ಕೇ ಬಿಡುತ್ತಿದ್ದರು.

ಮಳೆ ಬಿತ್ತು, ನಾನು ಇಳಿದು ಬಂದೆ. ಮುಂದಿನ ಬೇಸಿಗೆಗೆ ಅಡತಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಗುಡ್ಡ ಬಿಟ್ಟುಹೋಯಿತು. ಆಗೀಗ ಪೇಟೆಯಲ್ಲಿ ಕಾಕಾ ಸಿಗುತ್ತಿದ್ದರು. ಹಳ್ಳದ ಬದಿಗೆ ಯಾರಾದರೂ ಬಂದಾರೇನ್ರಿ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದರು. ಆಮೇಲೆ ನಾನು ಕೇಳುವುದನ್ನೂ ಬಿಟ್ಟೆ. ಕೆಲವು ವರ್ಷಗಳ ಮೇಲೆ ಒಂದು ಚಳಿಗಾಲ ಎದೆ ಕಟ್ಟಿ ತೀರಿಕೊಂಡರಂತೆ. ಹತ್ತಿ ಹಾಕಲು ಬಂದ ಅವರ ಊರಿನವರಿಂದ ನನಗೆ ಸುದ್ದಿ ತಿಳಿದದ್ದು. ತಮ್ಮ ಮಣ್ಣಿಗೂ ಬರಲಿಲ್ಲ, ಎಲ್ಲೋ ಕೃಷ್ಣಾ ನದಿಯ ದಂಡೆಗೆ ಕುರಿ ಹೊಡೆದುಕೊಂಡು ಹೋಗಿದ್ದ ಎಂದೂ ಹೇಳಿದರು. ಅಂದು ನಾನು ತಕ್ಕಡಿ ನೋಡುವುದನ್ನು ಬಿಟ್ಟು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ...

ಇಷ್ಟು ಹಳೆಯ ಕಥೆ. ಈಗ ಅಂಗಿಯ ವಿಷಯ.

ಹೋದ ಭಾನುವಾರ ದೇವಾಪುರದಲ್ಲಿ ನಮ್ಮ ಅಂಗಡಿಗೆ ಹತ್ತಿ ಹಾಕುವ ರೈತರೊಬ್ಬರ ಮನೆಯ ಮದುವೆ. ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು ಹೋಗಿದ್ದೆ. ಊಟ ಮುಗಿಸಿ ಬಸ್ಸಿಗಾಗಿ ಬಂದು ಒಂದು ಚಾದಂಗಡಿಯ ಬಾಕಿನ ಮೇಲೆ ಕೂತೆ. ಹೊತ್ತು ಇಳಿಯುತ್ತಿತ್ತು. ಗುಡ್ಡ ಎದುರಿಗೇ ಕಾಣುತ್ತಿತ್ತು, ಅದರ ಒಂದು ಮಗ್ಗುಲು ಕರ್ರಗೆ ಸುಟ್ಟಿತ್ತು. ಈಗ ಬೆಂಕಿ ಬಿದ್ದರೆ ಆಕಾಶದಲ್ಲಿನ 'ಸೆಟಲೈಟು' ನೋಡಿ ಸಾಹೇಬರ ಮೊಬೈಲಿಗೆ ತಿಳಿಸುತ್ತದೆಯಂತೆ, ಚಹಾ ಮಾಡುವವನು ಹೇಳುತ್ತಿದ್ದ. ನೆತ್ತಿಯ ಮೇಲೆ ಈಗ ಯಾರೂ ಕೂಡುವುದಿಲ್ಲ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದ ಮುದುಕನೊಬ್ಬ ಇದ್ದಕ್ಕಿದ್ದ ಹಾಗೆ ಗದ್ದ ಎತ್ತಿ, ಕಣ್ಣು ಅರೆ ಮುಚ್ಚಿ, ಹೊಳ್ಳೆ ಅರಳಿಸಿ ಗಾಳಿ ಮೂಸಿದ.

ನನ್ನ ಕೈಯಲ್ಲಿನ ಕಪ್ಪನ್ನು ಬಾಕಿನ ಮೇಲಿಟ್ಟು ತಿರುಗಿ ನೋಡಿದೆ. ಕಾಕಾನದೇ ಉದ್ದ ಮೂಗು, ಅದೇ ಗದ್ದ.

"ಅಜ್ಜಾರ, ನಿಮ್ಮ ಅಣ್ಣಾರು ಗುಡ್ಡದ ಮ್ಯಾಲ ವಾಚರ್ ಇದ್ರೇನ್ರಿ?" ಎಂದು ಕೇಳಿದೆ.

ಮುದುಕ ನಿಧಾನ ತಿರುಗಿ ನೋಡಿದ. "ಇದ್ದ. ನಿಮಗ ಹ್ಯಾಂಗ ಗೊತ್ತು?"

"ಒಂದ ಬ್ಯಾಸಗಿ ನಾನೂ ಅವರ ಸಂಗಾಟ ಇದ್ದೆ ನೋಡ್ರಿ. ನೀವು ಹಟ್ಟಿ ಕಿತ್ತ ವರ್ಷ."

ನಾನೇ ಕೇಳಿಬಿಟ್ಟೆ, ಅಂದು ಯಾಕೆ ಹಾಗೆ ಹಟ್ಟಿ ಕಿತ್ತು ಹೋದಿರಿ ಎಂದು. ಇಷ್ಟು ವರ್ಷದ ಮೇಲೆ ಮುದುಕನ ದನಿಯಲ್ಲಿ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು.

"ಇನ್ನೊಂದ ಕಿಡಿ ಬಿದ್ರ ನಿಮ್ಮ ಅಣ್ಣನ ಮನಿಗಿ ಕಳಸ್ತಾರಂತ ಅಂತ ಮಂದಿ ಅಂದ್ರು. ಮದ್ಲ ಒಮ್ಮಿ ನನ್ನಿಂದ ಅವನ ಮಾರಿ ಕೆಳಗಾಗಿತ್ತು. ಮತ್ತ ನನ್ನ ಒಲಿದು ಕಿಡಿ ಹಾರಿ ಅವನ ಕೆಲಸ ಹೋಗೋದು ಬ್ಯಾಡ ಅಂತ ನಾನ ಒಲಿ ಹಚ್ಚೋದು ಬಿಟ್ಟೆ. ಒಣಾ ರೊಟ್ಟಿ, ಹಸಿ ಹಾಲು, ಅಷ್ಟ. ಎರಡನೇ ದಿನ ಸಂಜಿಗಿ ಅಂವ ಬಂದ. ಅಣ್ಣ ಬಂದ ಅಂತ ಎದಿ ಹಿಗ್ಗಿತ್ತು ನಂದು. ಅಂವ ನನ್ನ ಮಾರಿ ನೋಡ್ಲಿಲ್ರಿ. ಸೀದಾ ಒಲಿಗಿ ಹ್ವಾದ, ಬಗ್ಗಿ ಬೂದ್ಯಾಗ ಕೈ ಹಾಕ್ದ. ಹಚ್ಚೀನೋ ಇಲ್ಲೋ ಅಂತ ತಪಾಸ ಮಾಡ್ದ, ಕಳ್ಳನ್ನ ಮಾಡ್ದಂಗ! ಅವತ್ತ ಮನಸ ಮುರೀತು."

ಮೇಲಿನಿಂದ ನಾನು ಕಂಡದ್ದು ಅದನ್ನೇ. ಮೈದಡವಿದ ಎಂದುಕೊಂಡು ಕಣ್ಣೀರು ಹಾಕಿದ್ದೆ.

"ತಪಾಸ ಮಾಡ್ಲಿಲ್ರಿ ಅಜ್ಜಾರ," ಎಂದೆ. "ನಿಮ್ಮ ಒಲಿ ಹೊಗಿ ಕಾಣ್ಲಿಲ್ಲ ಅಂತ ಹೆದರಿ ಬಂದಿದ್ರು. ಜ್ವರ ಬಂದು ಉಪಾಸ ಬಿದ್ದಾನೇನೋ ಅಂತ ಬೂದಿ ಮುಟ್ಟಿ ನೋಡಿದ್ರು. ಕೇಳಬೇಕಂದ್ರ ಬಾಯಿ ಬರ್ಲಿಲ್ಲ ಅಂತ ನನ್ನ ಮುಂದ ಅಂದಾರ. ದಿನಾ ನಿಮ್ಮ ಹೊಗಿ ಬರೋ ತನಕಾ ಅವರು ಬುತ್ತಿ ಬಿಚ್ಚತಿರಲಿಲ್ರಿ."

"ದಿನಾ?"

"ದಿನಾ."

ಚಾದಂಗಡಿಯವನು ಕಪ್ಪು ತೆಗೆದುಕೊಂಡು ಹೋದ. ನನ್ನ ಬಸ್ಸು ಬಂತು, ಹೋಯಿತು, ನಾನು ಏಳಲಿಲ್ಲ. ಕೊನೆಗೆ ಮುದುಕ ಕೋಲು ಊರಿ ಎದ್ದು, "ಬರ್ರಿ ಮನಿಗಿ," ಅಂದ. ಹಿಂದೆಯೇ ಹೋದೆ.

ಮನೆ ಹತ್ತಿರವೇ ಇತ್ತು. ಮಗ ಕಟ್ಟಿಸಿದ ಸಿಮೆಂಟಿನ ಮನೆ, ಮುಂದೆ ಅಂಗಳ, ಮೂಲೆಯಲ್ಲಿ ಸ್ನಾನದ ನೀರು ಕಾಯಿಸುವ ಮೂರು ಕಲ್ಲಿನ ಒಲೆ. ಮುದುಕ ನನ್ನನ್ನು ಕೂಡು ಎಂದೂ ಹೇಳಲಿಲ್ಲ. ಗೋಡೆಗೆ ಒಟ್ಟಿದ್ದ ತೊಗರಿ ಕಟ್ಟಿಗೆಯನ್ನು ಎಳೆದು ಒಲೆಗೆ ತುರುಕಿ, ಕಡ್ಡಿ ಗೀರಿದ. ಉರಿ ಹತ್ತಿದ ಮೇಲೆ ಬೇವಿನ ಗಿಡದ ಹಸಿ ಟೊಂಗೆ ಜಗ್ಗಲು ಹೋದ, ಎಟುಕಲಿಲ್ಲ. ನಾನು ಜಗ್ಗಿ ಮುರಿದು ಕೊಟ್ಟೆ. ಅದನ್ನು ಉರಿಯ ಮೇಲೆ ಹೇರಿದ. ಅಂಗಳದ ತುಂಬ ಹೊಗೆ.

ಸೊಸೆ ಸೆರಗು ಮೂಗಿಗೆ ಹಿಡಿದು ಹೊರಗೆ ಬಂದಳು. "ಮಾವಾರ, ಏನ್ ಮಾಡಾಕತ್ತೀರಿ? ಒಳಗ ಗ್ಯಾಸಿನ ಮ್ಯಾಲ ಅನ್ನ ಆಗ್ಯಾದ. ಯಾಕ ಬೇಕಿತ್ತು ಈ ಹೊಗಿ?"

ಮುದುಕನಿಗೆ ಅದು ಕೇಳಿಸಿತೋ ಇಲ್ಲವೋ. ಗಾಳಿ ಇರಲಿಲ್ಲ. ಹೊಗೆ ಬೇವಿನ ಗಿಡ ದಾಟಿ, ಮನೆ ಮಾಳಿಗೆ ದಾಟಿ ನೆಟ್ಟಗೆ ಮೇಲೆ ಹೋಯಿತು. ಮುದುಕ ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದ.

"ಉಣ್ಣು ಅಣ್ಣಾ," ಅಂದ.

ನಾನು ಬೇರೆ ಕಡೆ ನೋಡಿದೆ. ಕೊನೆಯ ಬಸ್ಸಿಗೆ ಶಹಾಪುರಕ್ಕೆ ಬಂದೆ. ಕಾಕಾ ಇನ್ನಿಲ್ಲ, ಹಟ್ಟಿಯೂ ಇಲ್ಲ, ಈ ಮಾತನ್ನು ಇಷ್ಟು ವರ್ಷ ಯಾರೂ ಯಾರಿಗೂ ಮುಟ್ಟಿಸದೆ ಹೋದದ್ದಕ್ಕೆ ನನಗೆ ಬಹಳ ದುಃಖವಾಗುತ್ತದೆ. ಸಂಜೆ ಖೋಲಿಗೆ ಬಂದು ಊಟದ ಡಬ್ಬಿ ಬಿಚ್ಚುವ ಮುಂಚೆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುವುದು ಈಗ ರೂಢಿಯಾಗಿದೆ. ಹೊರಗೆ ಏನೂ ಕಾಣುವುದಿಲ್ಲ, ಎದುರಿಗೆ ಇನ್ನೊಬ್ಬರ ಗೋಡೆ. ಗೂಟದ ಮೇಲಿನ ಅಂಗಿಯ ವಾಸನೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಅದು ಇನ್ನೂ ಇದೆ ಎಂದು ಖಾತ್ರಿಯಾದ ಮೇಲೆ ಕೂತು ಉಣ್ಣುತ್ತೇನೆ.